ಬಾಯಮ್ಮನ ಆದಿತ್ಯವಾರದ ರೋಸ್ಟು

ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಚಿನ್ನದ ಓಲೆಗಳು ಕಾಣುವಂತೆ ಅದರ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಅವರು ಒಲೆಯ ಮುಂದೆ ನಿಲ್ಲುತ್ತಿದ್ದರು. ಎಷ್ಟು ಗಿಡ್ಡವೆಂದರೆ ಪಾತ್ರೆಯೊಳಗೆ ಇಣುಕಲು ಕಾಲಡಿಗೆ ಪ್ಲಾಸ್ಟಿಕ್ ಮಣೆ ಬೇಕಿತ್ತು. ಪರದೇಶದ ಮಾಲ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಮಂಗಳೂರಿನ ಕ್ರೈಸ್ತರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಕ್ರೈಸ್ತ ಹೆಂಗಸರನ್ನು ಕರೆಯುವ ನಮ್ಮೂರ ರೂಢಿಯಂತೆ ನಾನು ಬಾಯಮ್ಮ ಎನ್ನುತ್ತಿದ್ದೆ. ನಾನು ಉಡುಪಿಯವಳು, ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆಯೂ ದಾಟಿದ್ದಿಲ್ಲ. ಆದರೂ ಆ ಬೀದಿಯಲ್ಲಿ ನಾನು ನೆಮ್ಮದಿಯಾಗಿ ಕೂರುತ್ತಿದ್ದ ಜಾಗ ಅವರ ಅಡುಗೆಮನೆ.

೨೦೧೬ರ ಚಳಿಗಾಲದಲ್ಲಿ ಒಲೆಯ ಮೇಲೆ ಪಾತ್ರೆ ಇಟ್ಟು ಅವರಿಗೆ ಜೋಂಪು ಹತ್ತಿತು. ಮನೆ ತುಂಬ ಹೊಗೆ, ಅಲಾರಮ್ಮಿನ ಬೊಬ್ಬೆ, ಬಾಗಿಲಲ್ಲಿ ಅಗ್ನಿಶಾಮಕ ವಾಹನ. ಹತ್ತಿರದ ಜಾರ್ಜ್‌ಟೌನ್‌ನಲ್ಲಿದ್ದ ಮಗ ಓಡಿಬಂದ.

"ಮಮ್ಮಿ, ಸ್ಟವ್ ತೆಗೆಸಿಬಿಡ್ತೇನೆ. ಮೈಕ್ರೋವೇವ್ ಸಾಕು. ಇಲ್ಲದಿದ್ರೆ ಈ ಮನೆ ಮಾರಿ ನಮ್ಮೊಟ್ಟಿಗೆ ಬಾ."

"ಬರುವ ಆದಿತ್ಯವಾರ ಎಲ್ಲರೂ ಊಟಕ್ಕೆ ಬನ್ನಿ. ಬೀಫ್ ರೋಸ್ಟ್ ಮಾಡ್ತೇನೆ. ತಿಂದ ಮೇಲೆ ಸ್ಟವ್ವಿನ ಮಾತು," ಎಂದರು ಬಾಯಮ್ಮ.

ಅಡುಗೆ ಮಾಡುವಾಗ ಪಕ್ಕದಲ್ಲಿ ಯಾರಾದರೂ ಇದ್ದರೆ ಆಗಬಹುದೆಂದು ಮಗ ಒಪ್ಪಿದ. ಆ ಯಾರಾದರೂ ನಾನೇ ಆದೆ.

"ನೀನು ತಿನ್ನುದಿಲ್ಲ, ಗೊತ್ತುಂಟು. ನೋಡ್ಲಿಕ್ಕೆ ಎಂತ ಕಷ್ಟ? ಆದ್ರೆ ಪಾತ್ರೆಗೆ ಮಾತ್ರ ಕೈ ಹಾಕ್ಬೇಡ. ಮತ್ತೆ ಅವ ನೀನೇ ಮಾಡಿದ್ದು ಅಂತಾನೆ," ಎಂದರು ಬಾಯಮ್ಮ.

ಮಗ ಕೊಬ್ಬಿಲ್ಲದ ದುಬಾರಿ ಮಾಂಸ ತಂದುಕೊಟ್ಟಿದ್ದ. ಬಾಯಮ್ಮ ಅದನ್ನು ಫ್ರೀಜರಿಗೆ ತಳ್ಳಿದರು. ಈ ದೇಶಕ್ಕೆ ಬಂದ ಹೊಸದರಲ್ಲಿ ಅವರೂ ಅಂಥದ್ದನ್ನೇ ತಂದು, ಊರಿನ ಗಟ್ಟಿ ಮಾಂಸವನ್ನು ಬೇಯಿಸಿದ ಹಾಗೆ ಬೆಳಗಿನಿಂದ ಬೇಯಿಸಿ, ಗಂಡನಿಗೆ ತೆಂಗಿನ ನಾರು ಬಡಿಸಿದ್ದರಂತೆ. ನಿಧಾನ ಬೇಯುವುದಕ್ಕೆ ನರ, ಕೊಬ್ಬು ಇರುವ ಭುಜದ ತುಂಡೇ ಆಗಬೇಕು. ಹಿಮದಲ್ಲಿ ನನ್ನ ತೋಳು ಹಿಡಿದು ನಡೆದು ಅದನ್ನೇ ತಂದರು.

ಶನಿವಾರ ಫೋರ್ಕಿನಿಂದ ಚುಚ್ಚಿ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಲವಂಗ, ಚಕ್ಕೆ, ವಿನೆಗರ್ ತಿಕ್ಕಿ ಇಟ್ಟರು. ಮರುದಿನ ಚರ್ಚಿನ ಪೂಜೆ ಮುಗಿಸಿ ಬಂದವರೇ ಇಡೀ ತುಂಡನ್ನು ಎಲ್ಲ ಬದಿಗೂ ಕೆಂಪಗೆ ಹುರಿದು, ಉರಿ ಸಣ್ಣ ಮಾಡಿ, ಮುಚ್ಚಳವಾಗಿ ಒಂದು ಗುಂಡಿ ತಟ್ಟೆಯಿಟ್ಟು ಅದರಲ್ಲಿ ನೀರು ಹೊಯ್ದರು. ತಟ್ಟೆಯ ನೀರು ಬಿಸಿಯಾದರೆ ಅದನ್ನೇ ಪಾತ್ರೆಯೊಳಗೆ ಸುರಿಯಬೇಕು, ತಟ್ಟೆಗೆ ಮತ್ತೆ ತಣ್ಣೀರು. ಹೊತ್ತು ಅಳೆಯಲು ಗಡಿಯಾರವಿಲ್ಲ, ಜಪಮಾಲೆ. ಒಂದು ಸುತ್ತು ಪ್ರಾರ್ಥನೆ ಮುಗಿದರೆ ತಟ್ಟೆ ನೋಡುವ ಹೊತ್ತು.

ಮೂರನೆಯ ಸುತ್ತಿನಲ್ಲಿ ಅವರ ಕಣ್ಣು ಮುಚ್ಚಿತು, ಮಣಿ ಜರುಗಿಸುವ ಬೆರಳು ನಿಂತಿತು. ಮತ್ತೆ ಜೋಂಪು ಹತ್ತಿತೇ ಎಂದುಕೊಂಡೆ. ಮೆಲ್ಲನೆ ಒಲೆಯ ಕಡೆ ಎದ್ದೆ.

"ನಿದ್ದೆ ಅಲ್ಲ ಮಾರಾಯ್ತಿ, ಪ್ರಾರ್ಥನೆ. ಕೂತ್ಕೊ," ಎಂದರು, ಕಣ್ಣು ತೆರೆಯದೆ.

ಮಗನ ಮನೆಯವರು ಬಂದರೂ ಮಾಂಸ ಇನ್ನೂ ಗಟ್ಟಿ. "ಕುಕ್ಕರಿಗೆ ಹಾಕುವ, ಬೇಗ ಆಗ್ತದೆ," ಎಂದಳು ಸೊಸೆ. "ಗ್ರಾನಿ, ಐಯಾಮ್ ಸ್ಟಾರ್ವಿಂಗ್," ಎಂದಳು ಮೊಮ್ಮಗಳು.

"ಹಸಿವಾಗ್ಲಿ, ಒಳ್ಳೇದು. ಬನ್ನಿ, ಇನ್ನೊಂದು ಸುತ್ತು ಉಂಟು," ಎಂದು ಎಲ್ಲರನ್ನೂ ಪ್ರಾರ್ಥನೆಗೆ ಕೂರಿಸಿದರು. ಮಗ ಗಡಿಯಾರ ನೋಡುತ್ತ, ಗೊಣಗುತ್ತ ಕೂತ. ಬಾಯಮ್ಮನಷ್ಟು ಹಟವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆ ಸುತ್ತು ಮುಗಿದು ತಟ್ಟೆ ಎತ್ತಿದಾಗ ಫೋರ್ಕ್ ತಾಗಿದ್ದೇ ತಡ, ಮಾಂಸ ಎಳೆಎಳೆಯಾಗಿ ಬಿಟ್ಟುಕೊಂಡಿತು. ಮಗ ಉಂಡ, ಮತ್ತೆ ಹಾಕಿಸಿಕೊಂಡ. ಸ್ಟವ್ವಿನ ಸುದ್ದಿ ಎತ್ತಲಿಲ್ಲ. ಹೊರಡುವ ಮುಂಚೆ ಹೊಗೆಯ ಅಲಾರಮ್ಮಿಗೆ ಹೊಸ ಬ್ಯಾಟರಿ ಹಾಕಿ, ಒತ್ತಿ ನೋಡಿ ಹೋದ.

ಬಾಯಮ್ಮ ಕೊನೆಯವರೆಗೂ ಆ ಮನೆಯಲ್ಲೇ ಇದ್ದರು, ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ೨೦೧೯ರಲ್ಲಿ ತೀರಿಕೊಂಡರು. ಅವರು ತೀರಿ ತಿಂಗಳಾದಾಗ ಚರ್ಚಿನಲ್ಲಿ ಮಾಡಿಸುವ ಪೂಜೆಯ ದಿನ ಮಗ ಮಾಂಸದ ಪೊಟ್ಟಣ ಹಿಡಿದು ನಮ್ಮ ಬಾಗಿಲು ತಟ್ಟಿದ. ಅಮ್ಮನ ರೋಸ್ಟು ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ; ಮೊದಲಿಂದ ಕೊನೆಯವರೆಗೆ ಪಕ್ಕದಲ್ಲಿ ಕೂತು ನೋಡಿದವಳು ನಾನೊಬ್ಬಳೇ. ಹೋದೆ. ಪಾತ್ರೆ ಮುಟ್ಟದೆ, ಒಂದೊಂದಾಗಿ ಹೇಳಿ ಅವನ ಕೈಯಲ್ಲೇ ಮಾಡಿಸಿದೆ. ಅವರಿಲ್ಲದ ಆ ಅಡುಗೆಮನೆಯಲ್ಲಿ ತಟ್ಟೆ ನೋಡುವ ಹೊತ್ತನ್ನು ನಾನೇ ಹೇಳುತ್ತ ಕೂತೆ.

ಕೊನೆಗೆ ಅವನು ಚಮಚದಲ್ಲಿ ಸ್ವಲ್ಪ ರಸ ತೆಗೆದು ನನ್ನ ಕಡೆ ಚಾಚಿದ.

"ಮಮ್ಮಿ ಮಾಡಿದ ಹಾಗೇ ಆಗಿದೆಯಾ, ನೋಡಿ."

"ಅದೊಂದು ನಂಗೆ ಗೊತ್ತಿಲ್ಲ," ಎಂದೆ. "ಅದನ್ನು ನೀವೇ ಹೇಳ್ಬೇಕು."