ಆನೆಗೆ ಹೆಸರಿಟ್ಟ ದಿನ

ಮೊನ್ನೆ ಕುಮಟೆಯ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಮುರುಗಲು ಹಣ್ಣಿನ ಸಿಪ್ಪೆಯನ್ನು ಬಿಸಿಲಿಗೆ ಹರವಿದ್ದರು. ಉಪ್ಪಿನ ಜೊತೆ ಬೆಂದಂತಿದ್ದ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತಿತು. ವಾಸನೆಗೂ ನೆನಪಿಗೂ ಏನು ಸಂಬಂಧ, ಪುರಾವೆ ಕೊಡಿ ಎಂದು ಬೇರೆಯವರನ್ನಾದರೆ ಕೇಳುತ್ತಿದ್ದೆ. ಮಂಕಿಯ ನಮ್ಮ ಮನೆಯ ಜಗಲಿಯಲ್ಲಿ ಬೇಸಿಗೆಯಿಡೀ ಇದೇ ವಾಸನೆ. ಬೆಳಗಿನ ದೋಸೆ ಮುಗಿಸಿ ಅಪ್ಪ, ನಾನು ಆಯಿ ಎನ್ನುವ ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ನಾನು ಎಲ್ಲರೂ ಹಣ್ಣಿನ ಬುಟ್ಟಿಯ ಸುತ್ತ ಕೂರುತ್ತಿದ್ದೆವು. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಬಿಸಿಲೇರುವ ಹೊತ್ತಿಗೆ ಎಲ್ಲರ ಬೆರಳೂ ಕೆಂಪು. ನಡುವೆ ಅಪ್ಪನ ತಾಯಿ, ನಮ್ಮ ಅಮ್ಮಮ್ಮ, ಕೈ ನಿಲ್ಲಿಸದೆ ಕತೆ ಹೇಳುತ್ತಿದ್ದಳು.

ಎಲ್ಲವೂ ಹಳೆಯ ಕಾಲದ ಪ್ರಾಣಿಗಳ ಕತೆಗಳು. ಅವಳಿಗೆ ಅವಳ ಅಜ್ಜಿ ಹೇಳಿದ್ದು, ಆ ಅಜ್ಜಿಗೆ ಇನ್ನಾರೋ. ಮಕ್ಕಳಿಗೆಂದು ಹೇಳುವಂತೆ ತೋರುತ್ತಿದ್ದರೂ ಪ್ರತಿ ಕತೆಗೂ ಬುಟ್ಟಿಯ ಸುತ್ತ ಕೂತವರಲ್ಲೇ ಒಬ್ಬ ವಾರಸುದಾರ ಇರುತ್ತಿದ್ದ. ಅದು ಯಾರೆಂದು ಅವಳು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಆಗ ಎಲ್ಲರೂ ತಮ್ಮ ಕೈಯ ಹಣ್ಣನ್ನೇ ನೋಡಬೇಕು, ಪಕ್ಕದವರ ಮುಖ ನೋಡಬಾರದು. ಅದು ಮನೆಯ ರೂಢಿ. ಎರಡು ದಿನ ಬಿಟ್ಟು ಯಾರಾದರೂ ಸುಮ್ಮನೆ ತಿದ್ದಿಕೊಂಡಿರುತ್ತಿದ್ದರು. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬೇಕು. ಕತೆ ಕೇಳಿ ಮನುಷ್ಯ ಸುಧಾರಿಸುತ್ತಾನೆಂಬುದನ್ನು ನಾನು ಇವತ್ತಿಗೂ ಪೂರ್ತಿ ಒಪ್ಪುವುದಿಲ್ಲ. ಆದರೆ ಆ ಮನೆ ಒಡೆಯದೆ ನಿಂತದ್ದು ಇನ್ನು ಯಾವುದರಿಂದ ಎಂದು ಕೇಳಿದರೆ ನನ್ನ ಬಳಿ ಬೇರೆ ಕಾರಣವೂ ಇಲ್ಲ.

ಆ ಬೇಸಿಗೆ ಅಪ್ಪ ಚಿಕ್ಕಪ್ಪನನ್ನು ಕೇಳದೆ ಹಿತ್ತಿಲಿನ ಮಾವಿನ ಕೊಂಬೆ ಕಡಿಸಿದ್ದರು. ಆ ಸಿಟ್ಟಿಗೆ ಚಿಕ್ಕಪ್ಪ ಬಾವಿಯ ಹಗ್ಗ ಬಿಚ್ಚಿ ತನ್ನ ಕೋಣೆಯೊಳಗಿಟ್ಟುಕೊಂಡ. ಆಯಿ ಪಕ್ಕದ ಮನೆಯಿಂದ ನೀರು ಹೊರುತ್ತಿದ್ದಳು. ಬೇರೆ ಒಲೆ ಹೂಡುವ ಮಾತು ಶುರುವಾಗಿತ್ತು. ಹಣ್ಣು ಕೊಳೆಯುತ್ತದಲ್ಲ, ಹಾಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟೂ ಬುಟ್ಟಿಯ ಎರಡು ಕಡೆ ಕೂರುತ್ತಿದ್ದರು. ಜಗಳದ ಐದನೆಯ ದಿನ ಅಮ್ಮಮ್ಮ ಶುರುಮಾಡಿದಳು. ಒಂದು ಕಾಡು, ಒಂದೇ ಕೆರೆ, ಎರಡು ಆನೆ. ಒಂದಕ್ಕೆ ಇನ್ನೊಂದರ ಮೇಲೆ ಸಿಟ್ಟು. ದಿನಾ ಬೆಳಿಗ್ಗೆ ತಾನು ಕುಡಿದು, ಇನ್ನೊಂದು ಬರುವ ಮೊದಲು ಕೆರೆಯನ್ನೆಲ್ಲ ಕಲಕಿ ರಾಡಿ ಮಾಡಿ ಹೋಗುತ್ತಿತ್ತು. ಸಂಜೆ ಬಾಯಾರಿ ತಾನೇ ಬಂದರೆ ಕುಡಿಯಲು ಅದೇ ರಾಡಿ.

ಎಂಟನೆಯ ತರಗತಿಯ ನಾನು ಆ ವರ್ಷ ಹೊನ್ನಾವರದಲ್ಲಿ ಚರ್ಚಾಸ್ಪರ್ಧೆ ಗೆದ್ದವಳು. ಎದುರಿನವರು ಹೇಳದೆ ಬಿಟ್ಟದ್ದನ್ನು ಹಿಡಿದು ಹೊರಗೆಳೆಯಬೇಕು ಎಂದು ಮಾಸ್ತರರು ಕಲಿಸಿದ್ದರು. ಎಳೆದೆ.

"ಅಮ್ಮಮ್ಮ, ಆ ಆನೆ ಅಂದ್ರೆ ಚಿಕ್ಕಪ್ಪ ಅಲ್ದಾ? ಕೆರೆ ಅಂದ್ರೆ ನಮ್ಮ ಬಾವಿ."

"ಸುಮ್ನಿರೇ ಕೂಸೆ," ಎಂದಳು ಆಯಿ.

"ಎಂತಕ್ಕೆ ಸುಮ್ನಿರವು? ಹಗ್ಗ ಒಳಗಿಟ್ಟಿದ್ದು ಸುಳ್ಳಾ?"

ಅಪ್ಪ ನಕ್ಕುಬಿಟ್ಟರು. ನಗಬಾರದಿತ್ತು. ಚಿಕ್ಕಪ್ಪ ಕೈಯಲ್ಲಿದ್ದ ಹಣ್ಣನ್ನು ಒಡೆಯದೆ ಬುಟ್ಟಿಗೆ ಹಾಕಿ ಎದ್ದ. "ಆತು. ನಾನೇ ಆನೆ. ಕೂಸಿನ ಬಾಯಲ್ಲಿ ಹೇಳಿಸೂದು ಬ್ಯಾಡಾಗಿತ್ತು ಆಯಿ," ಎಂದು ತನ್ನ ತಾಯಿ ಅಮ್ಮಮ್ಮನ ಕಡೆ ನೋಡಿ ಅಂಗಳಕ್ಕಿಳಿದ. ಗೆದ್ದೆ ಎಂದುಕೊಂಡೆ ನಾನು. ಪ್ರತಿವಾದಿ ಎದ್ದು ಹೋದರೆ ಗೆದ್ದಂತೆಯೇ ಲೆಕ್ಕ.

ಮಳೆಗಾಲಕ್ಕೆ ಮುಂಚೆ ಜಗಲಿಯ ನಡುವೆ ಕೆಂಪುಕಲ್ಲಿನ ಗೋಡೆ ಎದ್ದಿತು. ಅಮ್ಮಮ್ಮ ನನ್ನನ್ನು ಬೈಯಲಿಲ್ಲ. ಒಂದು ದಿನ ತಲೆ ಬಾಚುತ್ತ ಇಷ್ಟು ಹೇಳಿದಳು: "ನಿನ್ನ ಚಿಕ್ಕಪ್ಪಂಗೆ ಗೊತ್ತಾಗಿತ್ತು ಕೂಸೆ. ಅವಂಗೆ ಗೊತ್ತಾದ್ದು ನಮಗೆ ಗೊತ್ತಿಲ್ಲೆ ಹೇಳಿ ಅವ ತಿಳ್ಕಂಡಿರವಾಗಿತ್ತು." ಆ ಮಾತಿಗೆ ನಾನು ಮೂರು ಆಕ್ಷೇಪ ಎತ್ತಿದೆ. ಅವಳು ಬಾಚಿ ಮುಗಿಸಿದಳು. ಆಮೇಲೆ ಅವಳ ಬಾಯಲ್ಲಿ ಕತೆ ಬರಲಿಲ್ಲ. ಕೇಳಿದರೆ "ಮರ್ತ್ಹೋತೆ" ಎನ್ನುತ್ತಿದ್ದಳು.

ಈಗ ಆ ಮನೆ ಇಲ್ಲ. ಅಮ್ಮಮ್ಮ ಹೋದ ಮೇಲೆ ಹೆಂಚು ಇಳಿಸಿ ಅಲ್ಲಿ ಎರಡು ತಾರಸಿ ಮನೆ ಕಟ್ಟಿದರು. ಕಳೆದ ತಿಂಗಳು ಧಾರೇಶ್ವರದಲ್ಲಿ ಬಳಗದ ಮದುವೆಯೊಂದರಲ್ಲಿ ಚಿಕ್ಕಪ್ಪ ಸಿಕ್ಕ. ಕೂದಲು ಪೂರ್ತಿ ಬೆಳ್ಳಗಾಗಿದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತ.

"ಎಂತ ಮಾಡ್ತೆ ಈಗ?"

"ಕಾಲೇಜಿನ ಮಕ್ಕಳಿಗೆ ಚರ್ಚೆ ಕಲಿಸ್ತೆ ಚಿಕ್ಕಪ್ಪ."

"ಕಲಿಸು, ಕಲಿಸು. ನಿನ್ನೆದುರು ಕೂತ್ಕಂಡವ ಉಂಡು ಏಳೂದೂ ಕಷ್ಟ." ನಕ್ಕ. ಅನ್ನಕ್ಕೆ ಸಾರು ಕಲಸುತ್ತ, ಯಾವುದೋ ಹಳೆಯ ಹವಾಮಾನದ ಮಾತಾಡುವವನಂತೆ ಹೇಳಿದ: "ಆ ದಿನ ಹಗ್ಗ ತಂದು ಕಟ್ಟಿಬಿಡವು ಹೇಳಿ ಮನಸ್ಸಲ್ಲಿ ಆಗಿತ್ತು. ಕತೆ ಮುಗೀಲಿ, ಎಲ್ಲರೂ ಏಳಲಿ ಹೇಳಿ ಕೂತಿದ್ದೆ. ನೀ ಹೇಳಿದ್ಮೇಲೆ ಕಟ್ಟಿದ್ರೆ ಸೋತು ಕಟ್ಟಿದಂಗೆ ಆಗ್ತಿತ್ತು."

ಅವನ ನೆನಪು ಸರಿಯೆನ್ನುವುದಕ್ಕೆ ಸಾಕ್ಷಿ ಇಲ್ಲ. ಇಷ್ಟು ವರ್ಷದ ನಂತರ ಯಾರೇ ಆದರೂ ತಮಗೆ ಅನುಕೂಲವಾದದ್ದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಹೀಗೆಲ್ಲ ವಾದಿಸಿ ನೋಡಿದೆ. ಆದರೆ ಕಣ್ಣಿಗೆ ಕಟ್ಟುವುದು ಅಮ್ಮಮ್ಮನೇ. ಗೋಡೆ ಎದ್ದ ಮೇಲೆ ಮಧ್ಯಾಹ್ನದ ಊಟ ಈಚೆ ನಮ್ಮಲ್ಲಿ, ಸಂಜೆಯ ಚಹಾ ಆಚೆ ಚಿಕ್ಕಪ್ಪನಲ್ಲಿ ಎಂದು ತಾನೇ ನೇಮ ಮಾಡಿಕೊಂಡಿದ್ದಳು. ಗೋಡೆಗೆ ಬಾಗಿಲು ಇಟ್ಟಿರಲಿಲ್ಲ. ಹತ್ತು ಹೆಜ್ಜೆ ದೂರದ ಜಗಲಿಗೆ ಹೋಗಲು ಅವಳು ದಿನವೂ ಅಂಗಳ ಇಳಿದು, ಬೇಲಿಯ ದಣಪೆ ದಾಟಿ, ರಸ್ತೆಗೆ ಬಂದು, ಬಿಸಿಲಿನಲ್ಲಿ ಸೆರಗು ತಲೆಗೆ ಹೊದ್ದು ಸುತ್ತು ಹಾಕಿ ಹೋಗುತ್ತಿದ್ದಳು. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಹೊರಟೆ ಎಂದು ಕೇಳಿದರೆ, "ಮನಿಗೆ" ಎನ್ನುತ್ತಿದ್ದಳು.