ಕಾವಿನ ಮೊಟ್ಟೆ ಮತ್ತು ಅಜ್ಜಿಯ ಇದ್ದಿಲ ಗೀಟು

ಜೀವಶಾಸ್ತ್ರದಲ್ಲಿ ನನಗೆ ಬಂದದ್ದು ಮೂವತ್ತೆಂಟು ಅಂಕ. ಅದರಲ್ಲಿ ಮೂರು ಮೇಷ್ಟ್ರ ದೊಡ್ಡ ಮನಸ್ಸಿನವು. ಆದರೂ ಕೋಳಿಮರಿಗೆ ಮೊಟ್ಟೆಯೊಳಗೇ ಕಣ್ಣು ಹೇಗಾಗುತ್ತದೆಂದು ಮೂಗೂರಿನಲ್ಲಿ ಹೇಳಬಲ್ಲ ಗಂಡಸು ನಾನೊಬ್ಬನೇ. ಇನ್ನೊಬ್ಬನಿದ್ದರೆ ಮುಂದೆ ಬರಲಿ. ಬಂದರೆ ನಾನು ಸೈಕಲ್ ಹತ್ತಿ ನಂಜನಗೂಡಿಗೆ ವಾಪಸ್ಸು.

ಈ ಪಾಂಡಿತ್ಯ ಬಂದದ್ದು ಆಮ್ಲೆಟ್ಟಿನಿಂದ. ರಜಕ್ಕೆ ತಂಗಿಯ ಜೊತೆ ಮೂಗೂರಿನ ಅಜ್ಜಿಮನೆಗೆ ಹೋಗಿದ್ದೆ. ಕಾವಿಗಿಟ್ಟ ಮೊಟ್ಟೆಗಳಿಗೆಲ್ಲ ಅಜ್ಜಿ ಇದ್ದಿಲಿನಲ್ಲಿ ಒಂದು ಗೀಟೆಳೆಯುತ್ತಾಳೆ. ಗೀಟಿದ್ದದ್ದು ಮರಿಯಾಗಬೇಕು. ಬೇರೆ ಕೋಳಿ ಅದೇ ಕಾವಿನ ಬುಟ್ಟಿಗೆ, ಅಂದರೆ ಮಂಕರಿಗೆ, ಬಂದು ಇಟ್ಟುಹೋದದ್ದಕ್ಕೆ ಗೀಟಿಲ್ಲ, ಅದು ಬಾಣಲೆಗೆ. ಆದರೆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ. ನರಸೀಪುರದ ಆಪರೇಷನ್ ಕ್ಯಾಂಪಿಗೆ ಕರೆದರೆ, “ನಂಗೆಲ್ಲಾ ಕಾಣ್ತದೆ, ಓಗ್ರಪ್ಪಾ” ಎಂದು ನಡುಮನೆಯ ಕಂಬಕ್ಕೆ ಹೇಳುತ್ತಿದ್ದಳು.

ಒಂದು ದಿನ ಅಜ್ಜಿ ನನ್ನ ಆಮ್ಲೆಟ್ಟಿಗೆಂದು, ಗೀಟು ಕಾಣದೆ, ಮೊಟ್ಟೆ ಒಡೆದಳು. ಬಟ್ಟಲಿಗೆ ಬಿದ್ದದ್ದು ಹತ್ತು ದಿನದ ಮರಿ. ಮೈಗಿಂತ ತಲೆ ದೊಡ್ಡದು, ತಲೆ ತುಂಬ ಎರಡು ಕಪ್ಪು ಕಣ್ಣು. ನಾನು ಕಿರುಚಿದ್ದಕ್ಕೆ ನರಸೀಪುರದ ಬಸ್ಸು ಬ್ರೇಕ್ ಹಾಕಿತು ಎನ್ನುತ್ತಾರೆ. ಎನ್ನುವವನು ನಾನೇ.

ಅಜ್ಜಿ ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿದಳು. “ನನ್ನೇ ನೋಡ್ತಾ ಅದೆ ಕಣ್ಲಾ. ಗೀಟೆಳ್ದ ಕೈಲೇ ಒಡ್ದಾಕ್ಬುಟ್ನಲ್ಲಾ!” ಮದುವೆಯಾಗಿ ಬಂದಾಗಿನಿಂದ ಕೋಳಿ ಸಾಕಿದವಳು, “ಇನ್ ನಂಗೆ ಕೋಳಿ ಬ್ಯಾಡ. ಉಳ್ದಿರೋ ಮರಿ ಹೊರಕ್ ಬಂದೇಟ್ಗೆ ಎಲ್ಲಾನೂ ಯಾರ್ಗಾರಾ ಕೊಟ್ಬುಡಿ” ಎಂದು ಗೋಡೆಗೊರಗಿದಳು.

ಭಾನುವಾರ ದೊಡ್ಡಪ್ಪನ ಮಗಳು ಸುಮಕ್ಕ ಬಂದಳು. ಮೈಸೂರಿನಲ್ಲಿ ಅವಳ ಸಂಶೋಧನೆಯೇ ಕೋಳಿಮರಿಯ ಕಣ್ಣು. ಹಿತ್ತಲಿನಲ್ಲಿ ಅವಳಿಂದ ಎಲ್ಲ ಕೇಳಿಕೊಂಡು, ನಡುಮನೆಗೆ ಬಂದು ನನ್ನದೇ ಎಂಬಂತೆ ಅಜ್ಜಿಗೆ ಭಾಷಣ ಬಿಗಿದೆ. ಮೊಟ್ಟೆಯ ಕತ್ತಲಲ್ಲಿ ಕಣ್ಣಿನಿಂದ ಹೊರಟ ನರದ ಎಳೆ ಮಿದುಳಿಗೆ ದಾರಿ ಹುಡುಕಿಕೊಂಡು ಹೋಗಬೇಕು. ಎತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬ ಸುದ್ದಿ ಮುಟ್ಟಿಸುವುದರಲ್ಲಿ ಕೆಲವು ಕಿಣ್ವಗಳ ಕೈಯಿದೆ. ಅವು ಮಾಡುವುದಿಷ್ಟೇ: ಬೇಕಾದ ಪ್ರೋಟೀನನ್ನು ಹಿಡಿದು ಫಾಸ್ಫೇಟಿನ ಒಂದು ಗುರುತು ಅಂಟಿಸುವುದು. ಅಂಟಿತೋ, ಅದರ ಕೆಲಸ ಶುರು. ಅಳಿಸುವ ಕಿಣ್ವಗಳು ಬೇರೆ ಇವೆ.

“ಅಂದ್ರೆ ನನ್ನ ಇದ್ಲು ಗೀಟು ಅನ್ನು” ಎಂದಳು ಅಜ್ಜಿ.

ಊಟಕ್ಕೆ ಕೂತಿದ್ದ ಸುಮಕ್ಕನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. “ಅಜ್ಜೀ, ಇದನ್ನ ನನ್ನ ಗೈಡಿಗೆ ಹೇಳ್ಲಾ?”

ನಾನು ಬಿಡುತ್ತೇನೆಯೇ? “ಹತ್ತು ದಿನಕ್ಕೆ ಕಣ್ಣಿರ್ತದೆ ಅಜ್ಜಿ, ನೋಟ ಇರಾಕಿಲ್ಲ. ಅದು ನಿನ್ನ ನೋಡೇ ಇಲ್ಲ.”

ಅಜ್ಜಿ ಸೆರಗಿನಿಂದ ಕಣ್ಣುಜ್ಜಿಕೊಂಡಳು. “ಅದ್ಕೂ ನಾನು ಕಾಣ್ನಿಲ್ಲ, ನಂಗೂ ಗೀಟು ಕಾಣ್ನಿಲ್ಲ. ಅದ್ರುದ್ದು ಇನ್ನೂ ಆಗ್ತಾ ಇದ್ದ ಕಣ್ಣು. ನಂದಕ್ಕೇನ್ಲಾ ಬಂದಿತ್ತು?” ಮತ್ತೆ ಕೇಳಿದಳು: “ಕ್ಯಾಂಪು ಯಾವತ್ತು?”

ಮರಿಗಳು ಹೊರಬಂದ ದಿನ ಅಜ್ಜಿ ಆಪರೇಷನ್ ಕ್ಯಾಂಪಿನಲ್ಲಿ ಕೊಟ್ಟ ಕಪ್ಪು ಕನ್ನಡಕದಲ್ಲಿ ಮಂಕರಿಯ ಮುಂದೆ ಕೂತಿದ್ದಳು. ಒಂದೊಂದನ್ನೂ ಅಂಗೈಯಲ್ಲಿಟ್ಟು, “ಈಗ ನೋಡ್ತದೆ ಕಣ್ಲಾ, ನಿಜವಾಗ್ಲೂ ನೋಡ್ತದೆ” ಎನ್ನುತ್ತಿದ್ದಳು. ಕೋಳಿಗಳನ್ನು ಕೊಟ್ಟುಬಿಡುವ ಮಾತನ್ನು ಯಾರೂ ನೆನಪಿಸಲಿಲ್ಲ. ಆಮೇಲೆ ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದಳು.

“ಮೂಗಿನ ಕೆಳ್ಗೇನ್ಲಾ ಅದು, ಇದ್ಲು ಮೆತ್ಕಂಡಿದ್ದೀಯಾ?”

“ಮೀಸೆ, ಅಜ್ಜಿ.”

ತಂಗಿ ಇವತ್ತಿಗೂ ನಗುತ್ತಾಳೆ. ನಗಲಿ. ಮುಂದಿನ ಪರೀಕ್ಷೆಗೆ ಓದುವಾಗ ಕನ್ನಡಿ ನೋಡಿಕೊಳ್ಳುತ್ತೇನೆ. ಮೂಗಿನ ಕೆಳಗೆ ಗೀಟಂತೂ ಬಿದ್ದಿದೆ, ನಾನು ಬಾಣಲೆಯ ಲೆಕ್ಕದವನಲ್ಲ.