ಸೈಫುಲ್‌ನ ಗುರುತು ನನ್ನ ತಿಜೋರಿಯಲ್ಲಿ

ಒಬ್ಬ ಮನುಷ್ಯ ಎರಡು ಹಗಲು, ಒಂದು ರಾತ್ರಿ ಪೊಲೀಸ್ ಠಾಣೆಯ ನೆಲದ ಮೇಲೆ ಕೂತಿದ್ದ. ಅವನು ಯಾರು, ಎಲ್ಲಿಯವನು ಎಂದು ಹೇಳುವ ಕಾರ್ಡು ನಮ್ಮ ಮನೆಯ ತಿಜೋರಿಯಲ್ಲಿ, ನನ್ನ ಹೆಂಡತಿಯ ಇಳಕಲ್ ಸೀರೆಗಳ ಕೆಳಗೆ ಬೆಚ್ಚಗೆ ಮಲಗಿತ್ತು.

ಇಟ್ಟವನು ನಾನೇ.

ವಾರವಾರ ಈ ಅಂಕಣದಲ್ಲಿ ಊರ ಮಂದಿಯ ತಪ್ಪು ಎತ್ತಿ ಆಡುವ ನನ್ನದೇ ಸರದಿ ಈ ವಾರ. (ಖುಷಿಪಡಿ. ನಿಮ್ಮ ಸರದಿಯೂ ಕೆಳಗಿದೆ.)

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನಾನು ಮನೆ ಕಟ್ಟಿಸುತ್ತಿರುವುದು ನಿಮಗೆ ಗೊತ್ತು. ಆ ಗೋಳನ್ನು ಇಲ್ಲೇ ಮೂರು ಸಲ ತೋಡಿಕೊಂಡಿದ್ದೇನೆ. ಗೌಂಡಿ ರಾಜಾಸಾಬ್, ಅರವತ್ತು ದಾಟಿದವರು. ನಮ್ಮ ಓಣಿಯ ಅರ್ಧ ಗೋಡೆಗಳು ಅವರ ಕೈಯವು. ಟೈಲ್ಸ್ ಹಾಕಲು ಅವರು ಕರೆತಂದವನು ಸೈಫುಲ್. ಬಂಗಾಳದ ಮಾಲ್ದಾ ಜಿಲ್ಲೆಯವನು, ಮೂವತ್ತರ ಆಸುಪಾಸು, ಎಂಟು ವರ್ಷದಿಂದ ಕೊಪ್ಪಳದಲ್ಲೇ ಇದ್ದಾನೆ.

ಕೆಲಸದಲ್ಲಿ ಅವನು ಮಹಾ ಹಟಮಾರಿ. ಟೈಲ್ ಕೂರಿಸಿದ ಮೇಲೆ ರಬ್ಬರ್ ಸುತ್ತಿಗೆಯಿಂದ ಮೂಲೆ ಮೂಲೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಪೊಳ್ಳು ಸದ್ದು ಬಂತೋ, ಕಿತ್ತು ಮತ್ತೆ ಕೂರಿಸುತ್ತಿದ್ದ. ‘ಇರ್ಲಿ ಬಿಡೋ, ಅದರ ಮ್ಯಾಲೆ ಮಂಚ ಬರ್ತೈತಿ’ ಅಂದರೂ ಕೇಳಲಿಲ್ಲ. ‘ಮಂಚ ನಿಮ್ದು ಸರ, ಕೆಲ್ಸ ನಂದು’ ಅಂದ.

ಇಂಥವನ ಆಧಾರ್ ಕಾರ್ಡನ್ನು ನಾನು ಇಟ್ಟುಕೊಂಡಿದ್ದೆ. ಜೆರಾಕ್ಸ್ ಅಲ್ಲ, ಅಸಲಿ. ನಮ್ಮ ಓಣಿಯಲ್ಲಿ ಮನೆ ಕಟ್ಟಿಸುವವರ ರಿವಾಜು ಇದು. ಹೊರಗಿನ ಕೆಲಸಗಾರ ಬಂದರೆ ಅಸಲಿ ಕಾರ್ಡು ಮಾಲಕರ ಕೈಗೆ, ಕೆಲಸ ಮುಗಿದ ಮೇಲೆ ವಾಪಸ್. ಅರ್ಧಕ್ಕೆ ಬಿಟ್ಟು ಊರಿಗೆ ಓಡಬಾರದಲ್ಲ! ಹಾಗಾದರೆ ಇಲ್ಲಿಯವರು ಅರ್ಧಕ್ಕೆ ಬಿಟ್ಟು ಓಡುವುದಿಲ್ಲವೇ? ಓಡುತ್ತಾರೆ. ಬಿತ್ತಿಗೆಗೆ ಓಡುತ್ತಾರೆ, ಸೊಸೆಯ ಸೀಮಂತಕ್ಕೆ ಓಡುತ್ತಾರೆ, ಸುಮ್ಮನೆ ಬೇಜಾರಾದರೂ ಓಡುತ್ತಾರೆ. ಆದರೆ ಅವರ ಕಾರ್ಡು ಕೇಳಿ ನೋಡಿ, ಗಾರೆಯ ಕರಣಿ ಎತ್ತಿ ನಮ್ಮ ಮೇಲೇ ಒಗೆಯುತ್ತಾರೆ. ಸೈಫುಲ್ ಒಗೆಯುವುದಿಲ್ಲ. ಅದಕ್ಕೇ ಅವನನ್ನು ಕೇಳುತ್ತೇವೆ.

ಹೋದ ಭಾನುವಾರ ನಸುಕಿನಲ್ಲಿ ಕಿನ್ನಾಳ ರಸ್ತೆಯ ತಗಡಿನ ಶೆಡ್ಡಿನ ಮುಂದೆ ಎರಡು ಜೀಪು ನಿಂತವು. ‘ಸ್ಪೆಷಲ್ ಡ್ರೈವ್’ ಅಂತೆ. ಬಾಂಗ್ಲಾದೇಶದ ನುಸುಳುಕೋರರನ್ನು ಹುಡುಕುವ ಮಹಾಕಾರ್ಯ. ಬಂಗಾಳಿ ಮಾತಾಡುವ ಏಳು ಜನರನ್ನು ಎಬ್ಬಿಸಿ ಬನಿಯನ್ನಿನಲ್ಲೇ ಹತ್ತಿಸಿಕೊಂಡರು. ಮೊದಲು ಮೊಬೈಲ್ ಕಸಿದುಕೊಂಡರು, ಆಮೇಲೆ ಕಾರ್ಡು ತೋರಿಸು ಅಂದರು. ಸೈಫುಲ್‌ನ ಕಾರ್ಡಿನ ಫೋಟೊ ಇದ್ದದ್ದು ಆ ಮೊಬೈಲಿನಲ್ಲೇ. ಅಸಲಿ ಕಾರ್ಡು ಮಾಲಕರ ಹತ್ತಿರ ಇದೆ ಅಂದ. ಅವರು ನಕ್ಕರಂತೆ. (ಇದೆಲ್ಲ ಆಮೇಲೆ ಅವನೇ ಹೇಳಿದ್ದು.)

ಠಾಣೆಯಲ್ಲಿ ಒಬ್ಬ ಪೇದೆ, ಪುಣ್ಯಾತ್ಮ, ನೋಡಲಾರದೆ ತನ್ನ ಫೋನು ಕೊಟ್ಟ. ಕಾರ್ಡು ನನ್ನ ಹತ್ತಿರ ಇದೆಯಲ್ಲ, ನನ್ನ ನಂಬರು ಸೈಫುಲ್‌ಗೆ ಬಾಯಿಪಾಠ. ನಾಲ್ಕು ಸಲ ಫೋನ್ ಮಾಡಿದ. ಆ ಹೊತ್ತಿಗೆ ನಾನು ಕುಷ್ಟಗಿಯಲ್ಲಿ ಬೀಗರ ಕಡೆಯ ಮದುವೆಯಲ್ಲಿ ಗೋಧಿ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಗೊತ್ತಿಲ್ಲದ ನಂಬರು. ಕ್ರೆಡಿಟ್ ಕಾರ್ಡ್ ಮಾರುವವರಿರಬೇಕು ಅಂತ ಕಟ್ ಮಾಡಿದೆ. ನಾಲ್ಕನೆಯ ಸಲಕ್ಕೆ ಬ್ಲಾಕ್ ಮಾಡಿದೆ.

ಸುದ್ದಿ ರಾಜಾಸಾಬರಿಗೆ ಮುಟ್ಟಿದ್ದೇ ಸೋಮವಾರ ಬೆಳಿಗ್ಗೆ. ನೇರವಾಗಿ ನಮ್ಮ ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

‘ಸರ, ನಿನ್ನಿ ನಸುಕಿನ್ಯಾಗ ಸೈಫುಲ್‌ನ್ನ ಎಳಕೊಂಡು ಹೋಗ್ಯಾರ. ಬಾಂಗ್ಲಾದಾಂವ ಅಂತ. ಇವತ್ತ ಸಂಜಿಕ ವ್ಯಾನಿನ್ಯಾಗ ಬೆಂಗಳೂರಿಗೆ ಒಯ್ತಾರಂತ, ಅಲ್ಲಿಂದ ಬಾರ್ಡರಿಗೆ. ಒಮ್ಮೆ ಆ ಕಡಿ ದೂಡಿಬಿಟ್ರ ಯಾರ್ರಿ ಕೇಳವ್ರು?’

ನಾನು ‘ಅಯ್ಯೋ, ಛೇ’ ಅಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಒಳಗೆ ತಿಜೋರಿ ತೆಗೆದ ಸದ್ದಾಯಿತು. ನನ್ನ ಹೆಂಡತಿ ಸುಮಿತ್ರಾ ಕಾರ್ಡು ತಂದು ನನ್ನ ಮುಂದೆ ಟೀಪಾಯಿಯ ಮೇಲೆ ಒಗೆದಳು.

‘ಛೇ ಅನ್ನೂದು ಆಮ್ಯಾಲೆ. ಮೊದ್ಲ ಅಂಗಿ ಹಾಕ್ಕೊಳ್ರಿ. ಆ ಮನಷ್ಯಾನ ಜೀವಾ ತಂದು ನನ್ನ ಸೀರಿ ಬುಡಕ ಇಟ್ಟೀರಲ್ಲ, ನಾಚ್ಕಿ ಬರಂಗಿಲ್ಲೇನು ನಿಮಗ?’

ಬಂತು. ಇಪ್ಪತ್ತಾರು ವರ್ಷ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿದವನು ನಾನು. ಮೂಲಭೂತ ಹಕ್ಕುಗಳು, ಹತ್ತು ಅಂಕದ ಪ್ರಶ್ನೆ, ಪ್ರತಿವರ್ಷ ಗ್ಯಾರಂಟಿ ಅಂತ ಹುಡುಗರಿಗೆ ಉರು ಹೊಡೆಸಿದವನು. ರಾಜಾಸಾಬರ ಮುಖ ನೋಡಲಾಗದೆ ಚಪ್ಪಲಿ ಹುಡುಕಿದೆ.

ಠಾಣೆ ಯಾವುದು ಅಂತ ಬರೆಯುವುದಿಲ್ಲ (ವಕೀಲರು ಬೇಡ ಅಂದಿದ್ದಾರೆ). ಅಲ್ಲಿಯ ಅಧಿಕಾರಿ ಬಹಳ ಸಭ್ಯರು. ನನಗೆ ಕುರ್ಚಿ ಕೊಟ್ಟರು. ರಾಜಾಸಾಬರಿಗೆ ಕೊಡಲಿಲ್ಲ.

‘ಅರೆಸ್ಟ್ ಮಾಡಿಲ್ರಿ ಸರ. ಸುಮ್ನ ಕುಂದ್ರಿಸೇವಿ. ವೆರಿಫಿಕೇಶನ್.’

‘ಹಂಗಾರ ಅವರು ಎದ್ದು ಮನಿಗೆ ಹೋಗಬಹುದೇನ್ರಿ?’ ಅಂತ ಕೇಳಿದೆ.

‘ಅದ್ಹೆಂಗ ಹೋಗ್ತಾರ್ರಿ!’

ತಿಳಿಯಿತೇ? ಎದ್ದು ಹೋಗುವಂತಿಲ್ಲ, ಆದರೆ ಬಂಧನವೂ ಅಲ್ಲ. ಬಂಧನ ಅಂದರೆ ಕಷ್ಟ ನೋಡಿ. ಯಾಕೆ ಹಿಡಿದಿದ್ದೇವೆ ಅಂತ ಹೇಳಬೇಕು, ವಕೀಲರ ಹತ್ತಿರ ಮಾತಾಡಲು ಬಿಡಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ‘ಕುಂದ್ರಿಸೇವಿ’ ಅಂದರೆ ಇದ್ಯಾವುದೂ ಬೇಕಿಲ್ಲ. ಒಂದು ವಾಕ್ಯದಲ್ಲಿ ಇಡೀ ಸಂವಿಧಾನಕ್ಕೆ ರಜೆ! ಎಂಥ ಜಾಣತನ! ಇಂಥ ತಲೆಯನ್ನು ಕಳ್ಳರನ್ನು ಹಿಡಿಯಲು ಬಳಸಿದ್ದರೆ ನಮ್ಮ ಓಣಿಯಲ್ಲಿ ಕಳುವಾದ ಮೂರು ಬೈಕು ಎಂದೋ ಸಿಗುತ್ತಿದ್ದವು.

ಕಾರ್ಡು ಕೊಟ್ಟೆ. ಹಿಂದೆ ಮುಂದೆ ತಿರುವಿ ನೋಡಿದರು. ‘ಇಂಥಾವ ಈಗ ಎಲ್ಲಾ ಕಡಿ ಮಾಡಿಕೊಡ್ತಾರ್ರಿ ಸರ’ ಅಂದರು.

ಹೇಗಿದೆ ಲೆಕ್ಕಾಚಾರ? ಕಾರ್ಡು ಇಲ್ಲದಿದ್ದರೆ ಬಾಂಗ್ಲಾದವನು. ಇದ್ದರೆ, ನಕಲಿ ಕಾರ್ಡು ಮಾಡಿಸಿಕೊಂಡ ಬಾಂಗ್ಲಾದವನು.

ಹೊರಗೆ ಬಂದು ಗಿರಿಜಾಳಿಗೆ ಫೋನ್ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇಲ್ಲೇ ಕೋರ್ಟಿನಲ್ಲಿ ವಕೀಲೆ. (ಹತ್ತು ಅಂಕದ ಆ ಪ್ರಶ್ನೆಯನ್ನು ನಿಜವೆಂದು ನಂಬಿದ ಒಬ್ಬಳೇ ಒಬ್ಬಳು.)

‘ಅರ್ಜಿ ನಾ ಹಾಕ್ತೀನ್ರಿ ಸರ. ಆದ್ರ ಕೋರ್ಟು ಹೇಳೂ ತನಕ ಆ ವ್ಯಾನು ಹೊಂಡಬಾರ್ದು. ಅದಕ್ಕ ಕಾಗದ ಸಾಲಂಗಿಲ್ಲ, ಮಂದಿ ಬೇಕು. ಠಾಣೆ ಮುಂದ ಕುಂದ್ರಾಕ ಮಂದಿ ಕರ್ಕೊಂಡು ಬರ್ರಿ.’

ಮಂದಿ! ನಮ್ಮ ಓಣಿಯಲ್ಲಿ ಮಂದಿಗೇನು ಬರವೇ? ಒಂಬತ್ತು ಮನೆಗಳಲ್ಲಿ ಸೈಫುಲ್ ಹಾಕಿದ ನೆಲ ಇದೆ. ಒಂದೊಂದೇ ಬಾಗಿಲು ಬಡಿದೆ.

‘ನಮಗ್ಯಾಕ್ರಿ ಇಲ್ಲದ ಉಸಾಬರಿ’ ಅಂದರು ಕಿರಾಣಿ ಅಂಗಡಿಯವರು. ‘ಬೆಂಕಿ ಇಲ್ಲದ ಹೊಗಿ ಏಳ್ತೈತೇನ್ರಿ?’ ಅಂದರು ಎದುರು ಮನೆಯ ಯಜಮಾನರು. ಅವರ ದೇವರ ಕೋಣೆಯ ನೆಲ ಸೈಫುಲ್‌ನದೇ. ದಿನಾ ಅದರ ಮೇಲೆ ಮಣೆ ಹಾಕಿ ಕೂತು ಸಕಲ ಜೀವಿಗಳಿಗೂ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳುತ್ತಾರೆ. ಓಣಿಯ ವಾಟ್ಸಾಪ್ ಗುಂಪಿಗೂ ಹಾಕಿದೆ. ಕೈ ಮುಗಿದ ಚಿತ್ರ ಬಂದವು, ಅಳುವ ಮುಖಗಳೂ ಬಂದವು. ಯಾರೂ ಬರಲಿಲ್ಲ.

ಅದೇ ಓಣಿಯ ಶರಣಪ್ಪನೊಬ್ಬ ನೇರವಾಗಿ ಅಂದ: ‘ಹೊರಗಿನವ್ರು ಭಾಳ ಆಗ್ಯಾರ್ರಿ ಸರ. ಒದ್ದು ಹೊರಗ ಹಾಕ್ಬೇಕು.’

ಈ ಶರಣಪ್ಪನ ಒಡಹುಟ್ಟಿದ ತಮ್ಮ ಹದಿನೈದು ವರ್ಷದಿಂದ ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅಲ್ಲಿಯವರು ಅವನನ್ನು ‘ಘಾಟಿ’ ಅಂತ ಬೈದು ಗುಡಿಸಲು ಕಿತ್ತುಹಾಕಿದಾಗ ಇದೇ ಶರಣಪ್ಪ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಿದ್ದ. ‘ನಮ್ಮವ್ರೇನು ದನಾ ಏನ್ರಿ ಸರ, ಅಟ್ಟಿಬಿಡಾಕ?’ ಅಂದಿದ್ದ. ನನಗೂ ಹೊಟ್ಟೆ ಉರಿದು ಅದರ ಮೇಲೆ ಅಂಕಣ ಬರೆದಿದ್ದೆ, ನೀವೂ ಮೆಚ್ಚಿ ಫೋನ್ ಮಾಡಿದ್ದಿರಿ. ಆಗ ಬಂದ ಸಿಟ್ಟು ಈಗ ಎಲ್ಲಿಗೆ ಹೋಯಿತು? ನಮ್ಮವರು ದುಡಿಯಲು ಹೋದರೆ ಗುಳೆ ಹೋದರು, ಪಾಪ. ಅವರು ದುಡಿಯಲು ಬಂದರೆ ನುಸುಳಿ ಬಂದರು, ಹಿಡೀರಿ! ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಮೂಟೆ ಹೊರುವ ಹೊರ ರಾಜ್ಯದವರನ್ನೆಲ್ಲ ಒಂದು ವಾರ ‘ಕುಂದ್ರಿಸಿ’ ನೋಡಿ. ಶರಣಪ್ಪನ ತಾಟಿಗೆ ಅನ್ನ ಯಾರು ತರುತ್ತಾರೆ?

‘ಆ ಏಳು ಜನದೊಳಗ ಒಬ್ಬ ಖರೇನ ಗಡಿ ದಾಟಿ ಬಂದಾಂವ ಇದ್ರ?’ ಅಂತ ಅವನೇ ಕೇಳಿದ. ಇರಬಹುದಪ್ಪ. ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ, ಬನಿಯನ್ನಿನಲ್ಲಿ ಎತ್ತಿಕೊಂಡು ಹೋದವರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೂತು ವಿಚಾರಿಸಿ ತೀರ್ಮಾನಿಸಲಿ ಅಂತಲೇ ಕೋರ್ಟು ಕಟ್ಟಿಸಿ ಜಡ್ಜನ್ನು ಕೂರಿಸಿರುವುದು. ಗಡಿ ದಾಟಿ ಬಂದವನಿಗೂ ತನ್ನ ಮಾತು ಹೇಳುವ ಅವಕಾಶ ಕೊಡಬೇಕು ಅನ್ನುತ್ತದೆ ನಮ್ಮ ಕಾನೂನು. ಜೀಪಿನ ಡ್ರೈವರ್ ಪೌರತ್ವ ತೀರ್ಮಾನಿಸುವುದಾದರೆ ಕೋರ್ಟಿನ ಕಟ್ಟಡವನ್ನು ಕಲ್ಯಾಣ ಮಂಟಪಕ್ಕೆ ಬಾಡಿಗೆ ಕೊಟ್ಟುಬಿಡೋಣ!

ಕೊನೆಗೆ ಠಾಣೆಯ ಮುಂದಿನ ಫುಟ್‌ಪಾತಿನಲ್ಲಿ ಕೂತವರು ಹನ್ನೊಂದು ಜನ. ರಾಜಾಸಾಬ್, ಸುಮಿತ್ರಾ, ನಾನು. ಉಳಿದವರೆಲ್ಲ ರಾಜಾಸಾಬರ ಜೊತೆ ಕೆಲಸ ಮಾಡುವ ಕೂಲಿ ಹೆಣ್ಣುಮಕ್ಕಳು, ಅವತ್ತಿನ ಕೂಲಿ ಬಿಟ್ಟು ಬಂದವರು. ಮಧ್ಯಾಹ್ನದ ಬಿಸಿಲಿಗೆ ಸೆರಗು ತಲೆಯ ಮೇಲೆ ಹಾಕಿಕೊಂಡು, ತಂದಿದ್ದ ರೊಟ್ಟಿ ಹಂಚಿಕೊಂಡು ಕೂತರು.

ಅಧಿಕಾರಿ ಹೊರಗೆ ಬಂದರು. ‘ಯಾಕ ಕುಂತೀರಿ ಎಲ್ಲಾರೂ? ನಿಮಗೇನು ಸಂಬಂಧ?’

ರಾಜಾಸಾಬ್ ಎದ್ದು ನಿಂತರು. ‘ನಮ್ಮದೂ ಚೌಕಶಿ ಮಾಡ್ರಿ ಸಾಹೇಬ್ರ. ನಮ್ಮಪ್ಪ ನಿಜಾಮನ ಕಾಲಕ್ಕ ಹುಟ್ಟಿದಾಂವ, ಅವಂದು ಜನನ ಪತ್ರ ಇಲ್ಲ. ನಂದೂ ಇಲ್ಲ. ನನ್ನ ಯಾ ಕಡಿ ದೂಡ್ತೀರಿ?’

‘ನಂದೂ ಇಲ್ರಿ’ ಅಂದಳು ಕಲ್ಲು ಹೊರುವ ಹುಲಿಗೆವ್ವ, ಕೂತಲ್ಲಿಂದಲೇ. ‘ನಮ್ಮವ್ವ ಜ್ವಾಳದ ಹೊಲದಾಗ ನನ್ನ ಹಡದಾಳ. ಬರಕೊಳ್ಳಾಕ ಅಲ್ಲಿ ಯಾರಿದ್ರು, ಗುಬ್ಬಿ ಇದ್ದುವು.’

ಅಧಿಕಾರಿಗೆ ನಗು ಬಂತೋ ಸಿಟ್ಟು ಬಂತೋ, ಒಳಗೆ ಹೋದರು. ನಾಲ್ಕು ಗಂಟೆಗೆ ವ್ಯಾನು ಬಂತು. ಹೆಣ್ಣುಮಕ್ಕಳು ಫುಟ್‌ಪಾತಿನಿಂದ ಎದ್ದು ಗೇಟಿನ ಎದುರು ಹೋಗಿ ಕೂತರು. ಡ್ರೈವರ್ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ. ನಾನು ಅವರ ಹಿಂದಿನ ಸಾಲಿನಲ್ಲಿ ಕೂತೆ, ಸುಳ್ಳು ಯಾಕೆ ಹೇಳಲಿ? ಐದಕ್ಕೆ ಗಿರಿಜಾ ಓಡುತ್ತ ಬಂದಳು. ಯಾರನ್ನು ಇಟ್ಟುಕೊಂಡಿದ್ದೀರಿ, ಯಾಕೆ ಇಟ್ಟುಕೊಂಡಿದ್ದೀರಿ, ಉತ್ತರ ಕೊಡಿ, ಅಲ್ಲಿಯವರೆಗೆ ಊರು ಬಿಡಿಸಬೇಡಿ ಅಂತ ಕೋರ್ಟು ಠಾಣೆಗೆ ಹೇಳಿತ್ತು. ವ್ಯಾನು ಖಾಲಿಯಾಗಿ ವಾಪಸ್ ಹೋಯಿತು.

ಅರ್ಧ ಗಂಟೆಯಲ್ಲಿ ಸೈಫುಲ್‌ನೊಬ್ಬನನ್ನು ಹೊರಗೆ ಬಿಟ್ಟರು. ‘ನಿಮಗ ಗೊತ್ತಿದ್ದಾಂವ ಅಂತ ಬಿಟ್ಟೇವ್ರಿ ಸರ’ ಅಂದರು ಅಧಿಕಾರಿ, ಉಪಕಾರ ಮಾಡಿದ ದನಿಯಲ್ಲಿ. ಬೆಳಿಗ್ಗೆ ನಕಲಿಯಾಗಿದ್ದ ಕಾರ್ಡು ಸಂಜೆಗೆ ಹೇಗೆ ಅಸಲಿಯಾಯಿತು? ಉಳಿದ ಆರು ಜನರನ್ನು ಬಲ್ಲ ‘ಸರ’ ಯಾರೂ ಇರಲಿಲ್ಲ, ಅವರು ಒಳಗೇ ಉಳಿದರು.

‘ನಂದು ತಪ್ಪಾತಪ್ಪ’ ಅಂದೆ ಸೈಫುಲ್‌ಗೆ.

‘ನಾಲ್ಕ್ ಸಲ ಫೋನ್ ಮಾಡ್ದೆ ಸರ’ ಅಂದ. ಬೈದಿದ್ದರೆ ಚೆನ್ನಾಗಿತ್ತು.

ಟ್ರೇನ್ ಟಿಕೆಟ್ ಮಾಡಿಸುತ್ತೇನೆ, ಇವತ್ತೇ ಮಾಲ್ದಾಕ್ಕೆ ಹೋಗಿಬಿಡು ಅಂದೆ. ಅವನು ಠಾಣೆಯ ಕಡೆ ತಿರುಗಿ ನೋಡಿದ. ‘ಆರು ಮಂದಿ ಒಳಗ ಅದಾರ ಸರ’ ಅಂದವನೇ ಹೋಗಿ ಹುಲಿಗೆವ್ವನ ಪಕ್ಕ ನೆಲದ ಮೇಲೆ ಕೂತ.

ಇದನ್ನು ಬರೆಯುವ ಹೊತ್ತಿಗೂ ಆ ಆರು ಜನ ಒಳಗಿದ್ದಾರೆ, ಇವರು ಹೊರಗೆ ಕೂತಿದ್ದಾರೆ. ನೀವೂ ಬರ್ರಿ. ಘೋಷಣೆ ಕೂಗುವುದು ಬೇಡ, ಕಲ್ಲು ಎತ್ತುವುದಂತೂ ಬೇಡವೇ ಬೇಡ. ಸುಮ್ಮನೆ ಕೂತು ಕೇಳಿ, ಯಾಕೆ ಹಿಡಿದಿರಿ, ಜಡ್ಜ್ ಮುಂದೆ ಯಾವಾಗ ನಿಲ್ಲಿಸುತ್ತೀರಿ ಅಂತ. ಇಷ್ಟು ಕೇಳಲು ಪಿಯುಸಿ ಪಾಸಾಗಿರಬೇಕಿಲ್ಲ, ಹುಲಿಗೆವ್ವ ಸಾಲಿಗೇ ಹೋದವಳಲ್ಲ.

ನಿನ್ನೆ ಕಿರಾಣಿ ಅಂಗಡಿಯವರು ದನಿ ತಗ್ಗಿಸಿ ಅಂದರು, ‘ಬರಬೇಕು ಅನಸ್ತೈತ್ರಿ ಸರ, ಆದ್ರ ಅಂಜಿಕಿ.’ ಮತ್ತೊಮ್ಮೆ ಹಿಡಿದರೆ ಸೈಫುಲ್‌ನನ್ನು ಗಡಿಯಾಚೆ ದೂಡುತ್ತಾರೆ, ಅವನು ಕೂತಿದ್ದಾನೆ. ನಿಮ್ಮನ್ನು ಹಿಡಿದರೆ ಎಲ್ಲಿಗೆ ದೂಡುತ್ತಾರೆ ಯಜಮಾನ್ರೇ, ಪಕ್ಕದ ಯಲಬುರ್ಗಾಕ್ಕಾ?